ಸುಳಿಯ ಅಳತೆ ಮೊದಲು, ಬಲ ಆಮೇಲೆ

(ಹಾಸನದಲ್ಲಿ ಅನಿಮೇಷನ್ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊಗೆ, ಧೂಳು, ಮಂಜು, ಉದುರುವ ಎಲೆ, ಹಾರುವ ಕಿಡಿ ಇವುಗಳನ್ನು ಫ್ರೇಮಿನಿಂದ ಫ್ರೇಮಿಗೆ ಕೈಯಿಂದ ಚಲಿಸುವಂತೆ ಮಾಡುವುದು ಆಗದ ಕೆಲಸವಾದ್ದರಿಂದ ನಾವು ಸಿಮ್ಯುಲೇಶನ್‌ನ, ಅಂದರೆ ಕಂಪ್ಯೂಟರೇ ಲೆಕ್ಕ ಹಾಕಿ ಚಲನೆ ಮೂಡಿಸುವ ವಿಧಾನದ, ಮೊರೆ ಹೋಗುತ್ತೇವೆ. ಇಂದು ನಾನು ಅದರ ಒಂದೇ ಅಂಗದ ಬಗ್ಗೆ ಮಾತನಾಡಲು ಬಂದಿದ್ದೇನೆ. ಅದು ಟರ್ಬ್ಯುಲೆನ್ಸ್ ಬಲ, ಅಂದರೆ ಗಾಳಿಯ ಸುಳಿಗಳನ್ನು ಅನುಕರಿಸಿ ಕಣಗಳನ್ನು ಅತ್ತಿತ್ತ ತಳ್ಳುವ ಬಲಕ್ಷೇತ್ರ. ಬ್ಲೆಂಡರ್ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಇದನ್ನು ದೃಶ್ಯಕ್ಕೆ ಸೇರಿಸಿದರೆ ಸ್ಟ್ರೆಂತ್ (ಬಲದ ಪ್ರಮಾಣ), ಸೈಜ್ (ಸುಳಿಯ ಅಳತೆ), ಫ್ಲೋ, ಸೀಡ್, ಫಾಲ್‌ಆಫ್ (ದೂರ ಹೋದಂತೆ ಬಲ ಕುಗ್ಗುವ ಬಗೆ) ಮುಂತಾದ ಸೆಟ್ಟಿಂಗ್‌ಗಳು ಎದುರಾಗುತ್ತವೆ. ಕಲಿಯುವವರು ಮೊದಲು ಕೈ ಹಾಕುವುದು ಸ್ಟ್ರೆಂತ್‌ಗೆ. ಚಲನೆ ಸಾಲದೆನಿಸಿದರೆ ಹೆಚ್ಚಿಸುತ್ತಾರೆ, ಅತಿಯಾಯಿತೆನಿಸಿದರೆ ತಗ್ಗಿಸುತ್ತಾರೆ, ಎಷ್ಟು ತಿರುವಿದರೂ ಕಣಗಳು ಒಂದೋ ನಡುಗುತ್ತವೆ, ಇಲ್ಲವೇ ಸಿಡಿದು ಚದುರುತ್ತವೆ. ನನ್ನ ಅನುಭವದಲ್ಲಿ ಇಂತಹ ತೊಂದರೆಗಳ ಬಹುಪಾಲು ಬಲದ ತೊಂದರೆಗಳೇ ಅಲ್ಲ. ಅವು ಸುಳಿಯ ಅಳತೆಯ ತೊಂದರೆಗಳು. ಸೈಜ್ ಅನ್ನು ಮೊದಲು ನಿಶ್ಚಯಿಸಿ, ಆ ಸುಳಿಯನ್ನು ಕಣ ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂದು ಲೆಕ್ಕ ಹಾಕಿ, ಅದಾದ ಮೇಲಷ್ಟೇ ಸ್ಟ್ರೆಂತ್ ಮುಟ್ಟಬೇಕು ಎಂಬುದನ್ನು ತಮ್ಮ ಮುಂದೆ ಕಾರಣಸಹಿತವಾಗಿ ಇಡುತ್ತೇನೆ.

ಈ ಬಲಕ್ಷೇತ್ರದ ಒಳಗೆ ನಿಜವಾದ ಗಾಳಿಯ ಲೆಕ್ಕ ಇಲ್ಲ. ಅಲ್ಲಿರುವುದು ನಾಯ್ಸ್ ಎಂಬ ಗಣಿತದ ಉತ್ಪನ್ನ (ಫಂಕ್ಷನ್). ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಕೆನ್ ಪರ್ಲಿನ್ 1980ರ ದಶಕದ ಆರಂಭದಲ್ಲಿ ಇಂತಹದೊಂದು ನಾಯ್ಸ್ ರೂಪಿಸಿ, 1985ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್ರಾಫ್ ಸಮ್ಮೇಳನದಲ್ಲಿ ಪ್ರಕಟಿಸಿದರು. 1997ರಲ್ಲಿ ಅದಕ್ಕಾಗಿ ಅವರಿಗೆ ಆಸ್ಕರ್ ನೀಡುವ ಅಕಾಡೆಮಿಯಿಂದಲೇ ತಾಂತ್ರಿಕ ಸಾಧನೆಯ ಪ್ರಶಸ್ತಿ ಬಂದಿತು. ಅಮೃತಶಿಲೆ, ಮೋಡ, ಮರದ ನಾರು ಇಂತಹ ಮೇಲ್ಮೈಗಳ ಚಿತ್ರಣಕ್ಕೆಂದು ಹುಟ್ಟಿದ ಆ ವಿಧಾನದ ಮುಖ್ಯ ಗುಣವೆಂದರೆ, ಅದು ನೀಡುವ ಸಂಖ್ಯೆಗಳು ಯಾದೃಚ್ಛಿಕವಾಗಿ ಕಂಡರೂ ಹತ್ತಿರದ ಎರಡು ಬಿಂದುಗಳಲ್ಲಿ ಹತ್ತಿರ ಹತ್ತಿರದ ಬೆಲೆ ಇರುತ್ತದೆ, ದೂರದ ಬಿಂದುಗಳಲ್ಲಿ ಮಾತ್ರ ಸಂಬಂಧ ಕಡಿದುಹೋಗುತ್ತದೆ. ಎಷ್ಟು ದೂರ ಹೋದರೆ ಸಂಬಂಧ ಕಡಿಯುತ್ತದೆ ಎಂಬುದನ್ನೇ ಸೈಜ್ ಹೇಳುತ್ತದೆ. ಬ್ಲೆಂಡರ್‌ನ ಕಣಗಳಿಗೆ ಇರುವ ಬ್ರೌನಿಯನ್ ಎಂಬ ಇನ್ನೊಂದು ಸೆಟ್ಟಿಂಗ್ ಇದಕ್ಕಿಂತ ಪೂರ್ತಿ ಬೇರೆಯದು. ಅದು ಪ್ರತಿ ಹೆಜ್ಜೆಯಲ್ಲೂ, ಪ್ರತಿ ಕಣಕ್ಕೂ ಹೊಸದಾಗಿ ಒಂದು ತಳ್ಳು ಕೊಡುತ್ತದೆ. ಅಕ್ಕಪಕ್ಕದ ಕಣಗಳು ಜೊತೆಯಾಗಿ ಸಾಗುವುದಿಲ್ಲ. ಗಾಳಿಯಲ್ಲಿ ತೇಲುವ ವಸ್ತು ಗಾಳಿಯಂತೆ ಕಾಣುವುದೇ ಅಕ್ಕಪಕ್ಕದವು ಒಟ್ಟಾಗಿ ತಿರುಗಿದಾಗ. ಆದ್ದರಿಂದ ಗಾಳಿಯ ಭಾವ ಬೇಕಾದಲ್ಲಿ ಬ್ರೌನಿಯನ್ ಬಳಸಬೇಡಿ ಎಂದೇ ನಾನು ಹೇಳುತ್ತೇನೆ.

ಈಗ ಸ್ವಲ್ಪ ಲೆಕ್ಕ. ಒಂದು ಕಣ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳೋಣ. ಸುಳಿಯ ಅಳತೆ ಅರ್ಧ ಮೀಟರ್ ಇದ್ದರೆ, ಅದನ್ನು ದಾಟಲು ಕಣಕ್ಕೆ ಕಾಲು ಸೆಕೆಂಡ್ ಬೇಕು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು 6 ಫ್ರೇಮ್. ಆರು ಫ್ರೇಮಿಗೊಮ್ಮೆ ದಿಕ್ಕು ಬದಲಾದರೆ ಕಣ್ಣು ಅದನ್ನು ಚುರುಕಾದ ತಿರುವು ಎಂದು ಗ್ರಹಿಸುತ್ತದೆ. ಅದೇ ಸುಳಿಯ ಅಳತೆಯನ್ನು 5 ಸೆಂಟಿಮೀಟರಿಗೆ ಇಳಿಸಿದರೆ ದಾಟುವ ಕಾಲ ಒಂದು ಫ್ರೇಮಿಗಿಂತಲೂ ಕಡಿಮೆಯಾಗುತ್ತದೆ. ಎರಡು ಫ್ರೇಮುಗಳ ನಡುವೆಯೇ ಸುಳಿ ಬಂದು ಹೋಗುವುದರಿಂದ ನಮಗೆ ತಿರುವು ಕಾಣುವುದಿಲ್ಲ, ಬರಿಯ ನಡುಕ ಕಾಣುತ್ತದೆ. ಈ ನಡುಕಕ್ಕೆ ಸ್ಟ್ರೆಂತ್ ತಗ್ಗಿಸುವುದು ಮದ್ದಲ್ಲ. ತಗ್ಗಿಸಿದರೆ ಸಣ್ಣ ನಡುಕ ಉಳಿಯುತ್ತದೆ, ಅಷ್ಟೇ. ಒಂದು ತಿರುವು ಕಣ್ಣಿಗೆ ಹಿತವಾಗಿ ಕಾಣಲು ಕಡಿಮೆಯೆಂದರೆ ಎಂಟು ಹತ್ತು ಫ್ರೇಮಾದರೂ ಬೇಕು ಎಂಬುದು ನನ್ನ ಅಂದಾಜು.

ಲೆಕ್ಕದ ಎರಡನೆಯ ಭಾಗ ಇದಕ್ಕಿಂತ ಮುಖ್ಯವಾದದ್ದು. ಸುಳಿಯೊಳಗೆ ಇರುವಷ್ಟು ಹೊತ್ತು ಕಣದ ಮೇಲೆ ಒಂದೇ ದಿಕ್ಕಿನ ತಳ್ಳು ಬೀಳುತ್ತದೆ ಎಂದುಕೊಂಡರೆ, ಅದು ಗಳಿಸುವ ವೇಗ ಆ ಕಾಲಕ್ಕೆ ಅನುಪಾತವಾಗಿಯೂ, ಅದು ಪಕ್ಕಕ್ಕೆ ಸರಿಯುವ ದೂರ ಆ ಕಾಲದ ವರ್ಗಕ್ಕೆ ಅನುಪಾತವಾಗಿಯೂ ಬೆಳೆಯುತ್ತವೆ. ಆ ತಳ್ಳಿನಿಂದ ಕಣದ ವೇಗ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 4 ಮೀಟರಿನಷ್ಟು ಏರುತ್ತಿದ್ದು (ಇದೇ ವೇಗೋತ್ಕರ್ಷ), ಸುಳಿ ಅರ್ಧ ಮೀಟರಿನದಾದರೆ ಕಣ ಸುಮಾರು 12 ಸೆಂಟಿಮೀಟರ್ ಸರಿಯುತ್ತದೆ. ಬಲವನ್ನು ಹಾಗೆಯೇ ಬಿಟ್ಟು ಸುಳಿಯನ್ನು ಒಂದು ಮೀಟರಿಗೆ ಏರಿಸಿದರೆ ಸರಿಯುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿ ಅರ್ಧ ಮೀಟರ್ ಆಗುತ್ತದೆ. ಸ್ಟ್ರೆಂತ್ ಅನ್ನು ಮೊದಲು ಹದಗೊಳಿಸಿ ಆಮೇಲೆ ಸೈಜ್ ಬದಲಿಸಿದರೆ ಅಷ್ಟು ಹೊತ್ತಿನ ಶ್ರಮವೆಲ್ಲ ನೀರುಪಾಲಾಗುವುದು ಇದೇ ಕಾರಣಕ್ಕೆ. ಸೈಜ್ ಅನ್ನು ಎರಡು ಪಟ್ಟು ಮಾಡಿದಾಗ ಸ್ಟ್ರೆಂತ್ ಅನ್ನು ಕಾಲುಭಾಗಕ್ಕೆ ಇಳಿಸಿ ನೋಡಿ. ಕಣಗಳ ಹರಡುವಿಕೆ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿದು, ತಿರುವುಗಳ ಸ್ವಭಾವ ಮಾತ್ರ ಬದಲಾಗಿರುವುದು ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಲ ಬೇರೆ, ಗಾಳಿ ಬೇರೆ. ಬಲ ಬಿದ್ದಷ್ಟು ಹೊತ್ತೂ ಕಣದ ವೇಗ ಏರುತ್ತಲೇ ಹೋಗುತ್ತದೆ. ಗಾಳಿಯಲ್ಲಿ ತೇಲುವ ವಸ್ತು ಮಾತ್ರ ಗಾಳಿಯ ವೇಗವನ್ನು ಮುಟ್ಟಿದ ಮೇಲೆ ಅದನ್ನು ಮೀರುವುದಿಲ್ಲ. ಟರ್ಬ್ಯುಲೆನ್ಸ್ ಹಾಕಿದ ಕಣಗಳು ಐವತ್ತು ಫ್ರೇಮಿನ ತನಕ ಚೆನ್ನಾಗಿದ್ದು ಆಮೇಲೆ ಸಿಡಿದಂತೆ ಚದುರುವುದಕ್ಕೆ ಇದೇ ಮೂಲ. ಬ್ಲೆಂಡರ್‌ನ ಫ್ಲೋ ಎಂಬ ಸೆಟ್ಟಿಂಗ್ ಬಲವನ್ನು ಗಾಳಿಯ ಹರಿವಾಗಿ ಪರಿವರ್ತಿಸುತ್ತದೆ; ಕಣದ ವೇಗಕ್ಕೂ ಹರಿವಿನ ವೇಗಕ್ಕೂ ಇರುವ ವ್ಯತ್ಯಾಸದ ಮೇಲೆ ತಳ್ಳು ನಿಂತಿರುತ್ತದೆ. ಫ್ಲೋ ಬೇಡವೆಂದರೆ ಕಣದ ಭೌತಿಕ ಸೆಟ್ಟಿಂಗ್‌ಗಳಲ್ಲಿರುವ ಡ್ರ್ಯಾಗ್ (ಗಾಳಿಯ ತಡೆ) ಅನ್ನಾದರೂ ಸೊನ್ನೆಯಿಂದ ಮೇಲೇರಿಸಬೇಕು. ಎರಡೂ ಸೊನ್ನೆಯಾಗಿರುವ ದೃಶ್ಯದಲ್ಲಿ ಸ್ಟ್ರೆಂತ್‌ಗೆ ಸರಿಯಾದ ಬೆಲೆ ಎಂಬುದೇ ಸಿಗುವುದಿಲ್ಲ.

ಇದನ್ನು ನಾವು ದಿನವೂ ನೋಡುವ ಒಂದು ಕೆಲಸಕ್ಕೆ ಹೊಂದಿಸಿ ನೋಡೋಣ. ಹಾಸನದ ಹಳ್ಳಿಗಳಿಂದ ಬಂದ ತಮ್ಮಲ್ಲಿ ಹಲವರು ರಾಗಿ ತೂರುವುದನ್ನು ನೋಡಿಯೇ ಇರುತ್ತೀರಿ. ಒಕ್ಕಿದ ರಾಗಿಯನ್ನು ಮೊರದಲ್ಲಿ ತುಂಬಿಕೊಂಡು, ತಲೆಯ ಮೇಲಕ್ಕೆ ಎತ್ತಿ, ಗಾಳಿ ಬೀಸುವುದನ್ನು ಕಾದು, ಮೊರದ ಅಂಚನ್ನು ಮೆಲ್ಲಗೆ ಅಲುಗಿಸುತ್ತಾರೆ. ಕಾಳು ಕಾಲ ಬುಡದಲ್ಲಿ ರಾಶಿಯಾಗಿ ಬೀಳುತ್ತದೆ. ಹೊಟ್ಟು ಬಾಲದಂತೆ ಚಾಚಿಕೊಂಡು ದೂರ ಹೋಗಿ ಬೀಳುತ್ತದೆ. ಈ ದೃಶ್ಯವನ್ನು ಕಟ್ಟಲು ಎರಡು ಪ್ರತ್ಯೇಕ ಕಣವ್ಯವಸ್ಥೆಗಳು ಬೇಕು. ಮೊರ 2 ಮೀಟರ್ ಎತ್ತರದಲ್ಲಿದ್ದರೆ ಕಾಳು ನೆಲ ಮುಟ್ಟಲು ಸುಮಾರು 0.64 ಸೆಕೆಂಡ್ ಸಾಕು, ಅಂದರೆ 15 ಫ್ರೇಮ್. ಅಷ್ಟರಲ್ಲಿ ಅದರ ಮೇಲೆ ಯಾವ ಸುಳಿಯೂ ಹೇಳಿಕೊಳ್ಳುವಂತಹ ಪರಿಣಾಮ ಬೀರುವುದಿಲ್ಲ. ಆದ್ದರಿಂದ ಕಾಳಿನ ವ್ಯವಸ್ಥೆಯಲ್ಲಿ ಫೀಲ್ಡ್ ವೇಟ್ಸ್ ಎಂಬಲ್ಲಿ ಟರ್ಬ್ಯುಲೆನ್ಸ್‌ನ ತೂಕವನ್ನು ಸೊನ್ನೆಯ ಹತ್ತಿರಕ್ಕೆ ತರಬಹುದು. ಹೊಟ್ಟಿಗೆ ಡ್ರ್ಯಾಗ್ ಹೆಚ್ಚು. ಅದು ಸೆಕೆಂಡಿಗೆ ಒಂದು ಮೀಟರಿನಂತೆ ಇಳಿಯುತ್ತದೆ ಎಂದಿಟ್ಟುಕೊಂಡರೆ 48 ಫ್ರೇಮುಗಳ ಕಾಲ ಗಾಳಿಯಲ್ಲಿರುತ್ತದೆ. ಸೆಕೆಂಡಿಗೆ 2 ಮೀಟರಿನ ಗಾಳಿಯಲ್ಲಿ ಅಷ್ಟರೊಳಗೆ 4 ಮೀಟರ್ ದೂರ ಹೋಗುತ್ತದೆ. ಆ ನಾಲ್ಕು ಮೀಟರಿನ ಹಾದಿಯಲ್ಲಿ ಎಷ್ಟು ತಿರುವು ಕಾಣಬೇಕು? ಹೊಟ್ಟಿನ ಬಾಲವನ್ನು ಗಮನಿಸಿದರೆ ಮೂರು ನಾಲ್ಕು ದೊಡ್ಡ ಅಲೆಗಳೂ, ಅವುಗಳ ಅಂಚಿನಲ್ಲಿ ಸಣ್ಣ ಸುಳಿಗಳೂ ಕಾಣುತ್ತವೆ. ಹಾಗಾದರೆ ಸೈಜ್ ಒಂದು ಮೀಟರಿನ ಆಸುಪಾಸಿನಲ್ಲಿರಬೇಕು. ಈ ಸಂಖ್ಯೆ ದೃಶ್ಯವನ್ನು ನೋಡಿದ್ದರಿಂದ ಬಂತು. ಸೆಟ್ಟಿಂಗ್ ತಿರುವಿ ನೋಡಿದ್ದರಿಂದ ಬಂದದ್ದಲ್ಲ. ಇದಾದ ಮೇಲೆ ಸ್ಟ್ರೆಂತ್ ಅನ್ನು ಸಣ್ಣ ಬೆಲೆಯಿಂದ ಏರಿಸುತ್ತಾ ಹೋಗಿ, ಬಾಲದ ಅಗಲ ಕಣ್ಣಿಗೆ ಒಪ್ಪಿದಲ್ಲಿ ನಿಲ್ಲಿಸಬಹುದು.

ತೂರುವವರು ಗಾಳಿಗಾಗಿ ಕಾಯುತ್ತಾರೆ ಎಂದೆನಲ್ಲ, ಅದೂ ಸಿಮ್ಯುಲೇಶನ್‌ನಲ್ಲಿ ಬರಬೇಕು. ಗಾಳಿ ಕೆಲವು ಸೆಕೆಂಡು ಬೀಸಿ, ಕುಗ್ಗಿ, ಮತ್ತೆ ಬೀಸುತ್ತದೆ. ಈ ಏರಿಳಿತವನ್ನು ಟರ್ಬ್ಯುಲೆನ್ಸ್ ಕ್ಷೇತ್ರದಿಂದ ಪಡೆಯಲು ಹೋಗಬಾರದು. ಅದಕ್ಕೆ ಪ್ರತ್ಯೇಕವಾಗಿ ಒಂದು ವಿಂಡ್ ಕ್ಷೇತ್ರವನ್ನಿಟ್ಟು, ಅದರ ಸ್ಟ್ರೆಂತ್‌ಗೆ ಕೀಫ್ರೇಮ್ ಹಾಕಿ (ಅಂದರೆ ಯಾವ ಫ್ರೇಮಿನಲ್ಲಿ ಎಷ್ಟು ಬೆಲೆ ಎಂದು ಗುರುತಿಸಿ), ಬೆಲೆಯ ಆ ರೇಖೆಯ ಮೇಲೆ ನಾಯ್ಸ್ ಮಾಡಿಫೈಯರ್ ಅನ್ನು ನಿಧಾನವಾದ ಅಳತೆಯಲ್ಲಿ ಸೇರಿಸಿದರೆ ಸಾಕು. ದೊಡ್ಡ ಏರಿಳಿತ ವಿಂಡ್‌ನದು, ಮಧ್ಯಮ ಸುಳಿ ಟರ್ಬ್ಯುಲೆನ್ಸ್‌ನದು ಎಂದು ಕೆಲಸ ಹಂಚಿಕೊಂಡಾಗ ನಿರ್ದೇಶಕರು ಏನು ಬದಲಿಸಬೇಕೆಂದರೂ ಯಾವ ಸೆಟ್ಟಿಂಗ್ ಮುಟ್ಟಬೇಕೆಂಬುದು ಸ್ಪಷ್ಟವಾಗಿರುತ್ತದೆ.

ಕಾಲದ ವಿಷಯದಲ್ಲಿ ಬ್ಲೆಂಡರ್‌ಗೆ ಒಂದು ಮಿತಿಯಿದೆ. ಅದರ ಟರ್ಬ್ಯುಲೆನ್ಸ್ ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆಯೇ ಹೊರತು ತಾನಾಗಿ ಕಾಲದಿಂದ ಕಾಲಕ್ಕೆ ಬದಲಾಗುವುದಿಲ್ಲ. ಒಂದೇ ಬಿಂದುವಿನಿಂದ ಸತತವಾಗಿ ಕಣಗಳನ್ನು ಬಿಟ್ಟು ನೋಡಿ. ಹೊಳೆಯ ನೀರು ಒಂದೇ ಪಾತ್ರದಲ್ಲಿ ಹರಿಯುವಂತೆ ಎಲ್ಲ ಕಣಗಳೂ ಒಂದೇ ಹಾದಿ ಹಿಡಿಯುತ್ತವೆ. ಇದನ್ನು ತಪ್ಪಿಸಲು ಗ್ಲೋಬಲ್ ಎಂಬ ಗುರುತನ್ನು ತೆಗೆದು, ಕ್ಷೇತ್ರದ ವಸ್ತುವನ್ನೇ ಕೀಫ್ರೇಮಿನಿಂದ ಚಲಿಸುವಂತೆ ಮಾಡಬೇಕು. ಯಾವ ವೇಗದಲ್ಲಿ ಎಂಬ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಒಂದು ಆಧಾರವಿದೆ. ಗಾಳಿಯ ಸುಳಿಗಳು ತಮ್ಮ ಆಕಾರವನ್ನು ಸ್ವಲ್ಪ ಹೊತ್ತು ಹಾಗೆಯೇ ಉಳಿಸಿಕೊಂಡು, ಸರಾಸರಿ ಗಾಳಿಯ ಜೊತೆ ಇಡಿಯಾಗಿ ಸಾಗುತ್ತವೆ ಎಂದು ಭಾವಿಸಬಹುದೆಂದು ಬ್ರಿಟನ್ನಿನ ಭೌತವಿಜ್ಞಾನಿ ಜಿ. ಐ. ಟೇಲರ್ 1938ರಲ್ಲಿ ಸೂಚಿಸಿದರು. ಆ ಪ್ರಕಾರ ಕ್ಷೇತ್ರವೂ ಗಾಳಿಯ ದಿಕ್ಕಿನಲ್ಲೇ ಸಾಗಬೇಕು. ಆದರೆ ಕ್ಷೇತ್ರ ಮತ್ತು ಕಣ ಒಂದೇ ವೇಗದಲ್ಲಿ ಸಾಗಿದರೆ ಕಣ ಒಂದೇ ಸುಳಿಯೊಳಗೆ ಸಿಕ್ಕಿಕೊಂಡು ಒಂದೇ ದಿಕ್ಕಿಗೆ ತಳ್ಳಿಸಿಕೊಳ್ಳುತ್ತಾ ಹೋಗುತ್ತದೆ. ನಿಜವಾದ ಸುಳಿ ಹುಟ್ಟಿ ಸಾಯುತ್ತದೆ, ನಮ್ಮ ನಾಯ್ಸ್ ಸಾಯುವುದಿಲ್ಲ. ಆದ್ದರಿಂದ ಗಾಳಿಯ ವೇಗದ ಅರ್ಧದಷ್ಟನ್ನು ಕ್ಷೇತ್ರಕ್ಕೆ ಕೊಡುವುದು ಒಳ್ಳೆಯ ರಾಜಿ ಎಂದು ನನಗೆ ಕಂಡಿದೆ. ಹಿಂದೆ ಮಾಡಿದ ಲೆಕ್ಕದಲ್ಲಿ ಆಗ ಕಣದ ವೇಗದ ಬದಲು, ಕಣಕ್ಕೂ ಕ್ಷೇತ್ರಕ್ಕೂ ಇರುವ ವೇಗದ ವ್ಯತ್ಯಾಸವನ್ನು ತೆಗೆದುಕೊಳ್ಳಬೇಕು.

ಮಾಯಾ ಮತ್ತು ಹೌಡಿನಿ ಎಂಬ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಇದೇ ಅಂಶಗಳು ಬೇರೆ ಹೆಸರಿನಲ್ಲಿವೆ. ಮಾಯಾದ ಟರ್ಬ್ಯುಲೆನ್ಸ್‌ನಲ್ಲಿ ಸೈಜ್ ಬದಲು ಫ್ರೀಕ್ವೆನ್ಸಿ ಇದೆ. ಅದು ತಲೆಕೆಳಗು, ಸಂಖ್ಯೆ ಹೆಚ್ಚಿದಷ್ಟೂ ಸುಳಿ ಚಿಕ್ಕದಾಗುತ್ತದೆ. ಕಾಲದ ಬದಲಾವಣೆಗೆ ಅಲ್ಲಿ ಫೇಸ್ ಎಂಬುದಕ್ಕೆ ಕೀಫ್ರೇಮ್ ಹಾಕುತ್ತೇವೆ. ಹೌಡಿನಿಯ ಪಾಪ್ ವಿಂಡ್‌ನಲ್ಲಿ ಸ್ವರ್ಲ್ ಸೈಜ್ ಸುಳಿಯ ಅಳತೆಯಾದರೆ, ಪಲ್ಸ್ ಲೆಂತ್ ಅದರ ಕಾಲ. ಅಳತೆ ಮತ್ತು ಕಾಲವನ್ನು ಅಕ್ಕಪಕ್ಕದಲ್ಲೇ ಇಟ್ಟಿರುವ ಹೌಡಿನಿಯ ಏರ್ಪಾಡು ನನಗೆ ಹೆಚ್ಚು ಇಷ್ಟ.

ಈಗ ಮುಳ್ಳಯ್ಯನಗಿರಿಗೆ ಹೋಗೋಣ. ಹಾಸನದಿಂದ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಮೇಲೆ ಸುಮಾರು 1,930 ಮೀಟರ್ ಎತ್ತರದ ಆ ಶಿಖರ ಕರ್ನಾಟಕದಲ್ಲೇ ಅತಿ ಎತ್ತರದ್ದು. ಮಳೆಗಾಲದಲ್ಲಿ ಪಶ್ಚಿಮದ ಕಡೆಯಿಂದ ಬರುವ ಗಾಳಿ ಮಂಜನ್ನು ಹೊತ್ತು ಗಿರಿಯ ಇಳಿಜಾರನ್ನು ಏರುವಾಗ ಅದರ ಹರಿವು ನಯವಾಗಿರುತ್ತದೆ, ಮಂಜು ಹಾಸಿದಂತೆ ನೆಲಕ್ಕಂಟಿಕೊಂಡು ಮೇಲೇರುತ್ತದೆ. ಏಣನ್ನು, ಅಂದರೆ ಗಿರಿಯ ನೆತ್ತಿಯ ಅಂಚನ್ನು, ದಾಟಿದ ಕೂಡಲೇ, ಆಚೆಯ ಮಗ್ಗುಲಲ್ಲಿ ಹರಿವು ನೆಲ ಬಿಟ್ಟು ಒಡೆದು, ಅಲ್ಲಿ ಸುಳಿಗಳು ಹುಟ್ಟುತ್ತವೆ, ಮಂಜು ಹಿಂದಕ್ಕೆ ಮಡಚಿಕೊಳ್ಳುತ್ತದೆ. ವಿದ್ಯಾರ್ಥಿಗಳು ಕಟ್ಟಿದ ಇಂತಹ ದೃಶ್ಯಗಳಲ್ಲಿ ಎರಡು ದೋಷಗಳು ಪದೇ ಪದೇ ಕಾಣುತ್ತವೆ. ಒಂದು, ಸುಳಿಯ ಅಳತೆ. ಗಿರಿಯ ಮೇಲಿನ ಸುಳಿ ಹತ್ತಾರು ಮೀಟರಿನದು. 50 ಮೀಟರಿನ ಸುಳಿಯನ್ನು ಸೆಕೆಂಡಿಗೆ 5 ಮೀಟರ್ ಗಾಳಿ ದಾಟಲು 10 ಸೆಕೆಂಡ್ ಬೇಕು, ಅಂದರೆ 240 ಫ್ರೇಮ್. ಎಂಟು ಸೆಕೆಂಡಿನ ಶಾಟ್‌ನಲ್ಲಿ ಒಂದು ಸುಳಿ ಒಂದು ಸುತ್ತು ಕೂಡ ಮುಗಿಸುವುದಿಲ್ಲ. ಆದರೆ ಏನಾದರೂ ನಡೆಯುತ್ತಿರಬೇಕೆಂಬ ಆತುರದಲ್ಲಿ ಸೈಜ್ ಇಳಿಸಿ ಸ್ಟ್ರೆಂತ್ ಏರಿಸಿದಾಗ ಮಂಜು ಸೆಕೆಂಡಿಗೊಮ್ಮೆ ಹೊರಳುತ್ತದೆ, ಗಿರಿ ಒಂದಾಳೆತ್ತರದ ಮಣ್ಣಿನ ಗುಡ್ಡೆಯಾಗಿ ಕಾಣುತ್ತದೆ. ಗಿರಿ ಎಷ್ಟು ದೊಡ್ಡದು ಎಂಬುದನ್ನು ನೋಡುಗರಿಗೆ ಹೇಳುವುದು ಗಿರಿಯ ಮಾಡೆಲ್ ಅಲ್ಲ, ಮಂಜಿನ ನಿಧಾನ.

ಎರಡನೆಯ ದೋಷ ಜಾಗದ್ದು. ಫಾಲ್‌ಆಫ್‌ನ ಪವರ್ ಸೊನ್ನೆಯಲ್ಲಿದ್ದರೆ ಟರ್ಬ್ಯುಲೆನ್ಸ್ ದೃಶ್ಯದ ಉದ್ದಗಲಕ್ಕೂ ಸಮನಾಗಿ ಹರಡಿರುತ್ತದೆ. ಏರುವ ಇಳಿಜಾರಿನಲ್ಲೂ ಸುಳಿ, ಇಳಿಯುವ ಮಗ್ಗುಲಲ್ಲೂ ಸುಳಿ. ಪವರ್‌ಗೆ 2 ಕೊಟ್ಟರೆ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಆದರೆ ಆಗ ಕೇಂದ್ರದ ಹತ್ತಿರ ಬಿಟ್ಟು ಉಳಿದೆಡೆ ಬಲ ತೀರಾ ಕಡಿಮೆಯಾಗುತ್ತದೆ. ಇಲ್ಲಿ ನನ್ನ ಆಯ್ಕೆ ಹೀಗೆ: ಕ್ಷೇತ್ರವನ್ನು ಏಣಿನ ಆಚೆಯ ಮಗ್ಗುಲಲ್ಲಿ ಇಟ್ಟು, ಪವರ್ ಅನ್ನು ಒಂದರ ಆಸುಪಾಸಿನಲ್ಲಿರಿಸಿ, ಗರಿಷ್ಠ ದೂರ ಏಣನ್ನು ಅಷ್ಟಕ್ಕಷ್ಟೇ ಮುಟ್ಟುವಂತೆ ಹೊಂದಿಸುವುದು. ಏರುವ ಮಗ್ಗುಲಿನ ಆ ನಯವಾದ ಹಾಸು ಹಾಗೆಯೇ ಉಳಿದರೆ ಮಾತ್ರ ಆಚೆಯ ಒಡೆತಕ್ಕೆ ಬೆಲೆ ಬರುತ್ತದೆ.

ಒಂದೇ ಅಳತೆಯ ಸುಳಿ ಎಲ್ಲಿಯೂ ಇರುವುದಿಲ್ಲ ಎಂಬ ಆಕ್ಷೇಪ ತಮ್ಮಲ್ಲಿ ಮೂಡಿರಬಹುದು. ಅದು ಸರಿಯಾದ ಆಕ್ಷೇಪ. ದೊಡ್ಡ ಸುಳಿ ಒಡೆದು ಚಿಕ್ಕ ಸುಳಿಗಳಾಗುತ್ತಾ ಹೋಗುತ್ತದೆ. ಸುಳಿಯ ವೇಗ ಅದರ ಅಳತೆಯ ಘನಮೂಲಕ್ಕೆ ಅನುಪಾತವಾಗಿರುತ್ತದೆ ಎಂಬುದು 1941ರಲ್ಲಿ ರಷ್ಯದ ಗಣಿತಜ್ಞ ಕಾಲ್ಮಗೊರೊವ್ ಮಂಡಿಸಿದ ವಾದದಿಂದ ಹೊರಡುತ್ತದೆ. ಅಂದರೆ ಅಳತೆ ಅರ್ಧವಾದರೆ ವೇಗ ಸುಮಾರು 0.79 ಪಟ್ಟು. ಸಾಮಾನ್ಯ ನಾಯ್ಸ್‌ನಲ್ಲಿ ದೊಡ್ಡ ಸುಳಿಗಳ ಮೇಲೆ ಚಿಕ್ಕ ಸುಳಿಗಳನ್ನು ಪದರ ಪದರವಾಗಿ ಸೇರಿಸಿರುತ್ತಾರೆ. ಪ್ರತಿ ಪದರವೂ ಹಿಂದಿನದರ ಅರ್ಧದಷ್ಟು ಎತ್ತರದ್ದಾಗಿರುವುದರಿಂದ ಸಣ್ಣ ಸುಳಿಗಳು ಬೇಕಾದುದಕ್ಕಿಂತ ಮಂಕಾಗಿರುತ್ತವೆ. ಹೀಗಾಗಿ ಒಂದರ ಬದಲು ಎರಡು ಟರ್ಬ್ಯುಲೆನ್ಸ್ ಕ್ಷೇತ್ರಗಳನ್ನಿಡುವುದು ಒಳ್ಳೆಯದು: ದೊಡ್ಡದಕ್ಕೆ ದೃಶ್ಯದಿಂದ ಅಳೆದ ಸೈಜ್, ಚಿಕ್ಕದಕ್ಕೆ ಅದರ ನಾಲ್ಕನೆಯ ಒಂದು ಭಾಗ. ಮೂರನೆಯದನ್ನು ಸೇರಿಸಿದರೆ ಫಲ ಅಷ್ಟಕ್ಕಷ್ಟೇ. ಕಂಪ್ಯೂಟರ್ ಮಾತ್ರ ನಿಧಾನವಾಗುತ್ತದೆ.

ಸಿಲ್ವರ್ ಓಕ್ ಎಲೆಯ ಬಗ್ಗೆ ಒಂದು ಮಾತು, ಕಾಫಿ ತೋಟದ ದೃಶ್ಯ ಕಟ್ಟುವವರಿಗಾಗಿ. ಗಾಳಿಯೇ ಇಲ್ಲದ ಹೊತ್ತಿನಲ್ಲೂ ಆ ಎಲೆ ತೊನೆಯುತ್ತಾ, ತಿರುಗುತ್ತಾ ಇಳಿಯುತ್ತದೆ. ಆ ಚಲನೆ ಎಲೆಯ ಆಕಾರದಿಂದ ಹುಟ್ಟಿದ್ದು. ಗಾಳಿಯ ಸುಳಿಯಿಂದ ಬಂದದ್ದಲ್ಲ. ಟರ್ಬ್ಯುಲೆನ್ಸ್ ಎಷ್ಟೇ ಹೆಚ್ಚಿಸಿದರೂ ಅದು ಬರುವುದಿಲ್ಲ. ಅದಕ್ಕೆ ರೊಟೇಶನ್ ಸೆಟ್ಟಿಂಗ್‌ಗಳನ್ನು ಬಳಸಬೇಕು.

ಬಲ, ಅಳತೆ ಎರಡೂ ಸರಿಯಿದ್ದರೂ ಕೆಲವೊಮ್ಮೆ ಕಣಗಳು ಎಳೆ ಎಳೆಯಾಗಿ ಒಂದೆಡೆ ಕೂಡಿಕೊಂಡು, ನಡುವೆ ಬರಿದಾದ ಜಾಗಗಳು ಉಳಿಯುತ್ತವೆ. ಸಾದಾ ನಾಯ್ಸ್‌ನಲ್ಲಿ ಎಲ್ಲ ಕಡೆಯಿಂದಲೂ ಬಲ ಒಳಮುಖವಾಗಿರುವ ತಾಣಗಳು ಇರುವುದೇ ಇದಕ್ಕೆ ಕಾರಣ. ಗಾಳಿ ಹಾಗೆ ಒಂದೆಡೆ ಒತ್ತರಿಸಿಕೊಳ್ಳುವುದಿಲ್ಲ. ಒಂದು ಕಡೆಯಿಂದ ಬಂದಷ್ಟು ಇನ್ನೊಂದು ಕಡೆಯಿಂದ ಹೊರಹೋಗುತ್ತದೆ. 2007ರಲ್ಲಿ ರಾಬರ್ಟ್ ಬ್ರಿಡ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಕರ್ಲ್ ನಾಯ್ಸ್ ಈ ನಿಯಮವನ್ನು ಗಣಿತದಲ್ಲೇ ಅಳವಡಿಸಿಕೊಂಡಿದೆ. ಸೌಲಭ್ಯವಿರುವ ಸಾಫ್ಟ್‌ವೇರ್‌ನಲ್ಲಿ ಹೊಗೆ, ಧೂಳುಗಳಿಗೆ ಅದನ್ನೇ ಆರಿಸಿಕೊಳ್ಳಿ.

ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆ ಮುಖ್ಯವಾದುದರಿಂದ ಅದರ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. "ಸರ್, ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸಣ್ಣದಾಗಿ ಹೊಂದಿಸಿಟ್ಟುಕೊಂಡು, ಲ್ಯಾಬಿನ ಕಂಪ್ಯೂಟರ್‌ನಲ್ಲಿ ದೊಡ್ಡದಾಗಿ ಬೇಕ್ ಮಾಡಿದರೆ ಫಲಿತಾಂಶ ಬದಲಾಗುತ್ತದೆಯೇ?" ಎಂದು ಅವರು ಕೇಳಿದರು. (ಬೇಕ್ ಮಾಡುವುದೆಂದರೆ ಸಿಮ್ಯುಲೇಶನ್‌ನ ಲೆಕ್ಕವನ್ನು ಪೂರ್ತಿ ಮಾಡಿ ಉಳಿಸಿಡುವುದು.) ಕಣಗಳಾದರೆ ಬದಲಾಗುವುದಿಲ್ಲ. ಒಂದಕ್ಕೊಂದು ತಾಗದ ಕಣಗಳಲ್ಲಿ ಪ್ರತಿಯೊಂದರ ಹಾದಿಯೂ ಸ್ವತಂತ್ರವಾದ್ದರಿಂದ ಐನೂರು ಕಣಗಳಲ್ಲಿ ಹೊಂದಿಸಿದ ಸೈಜ್, ಸ್ಟ್ರೆಂತ್‌ಗಳು ಐದು ಲಕ್ಷ ಕಣಗಳಿಗೂ ಸಲ್ಲುತ್ತವೆ. ಆದರೆ ಒಂದು ಫ್ರೇಮಿನೊಳಗೆ ಲೆಕ್ಕ ಹಾಕುವ ಹೆಜ್ಜೆಗಳ, ಅಂದರೆ ಸಬ್‌ಫ್ರೇಮ್‌ಗಳ, ಸಂಖ್ಯೆಯನ್ನು ಬದಲಿಸಿದರೆ ಹಾದಿಗಳು ಬದಲಾಗುತ್ತವೆ. ಅದನ್ನು ಮೊದಲೇ ನಿಶ್ಚಯಿಸಿ ಎರಡೂ ಕಡೆ ಒಂದೇ ಇಟ್ಟುಕೊಳ್ಳಬೇಕು. ಹೊಗೆಯ ಸಿಮ್ಯುಲೇಶನ್‌ನಲ್ಲಿ ಹಾಗಲ್ಲ. ಅಲ್ಲಿ ಜಾಗವನ್ನು ವಾಕ್ಸೆಲ್ ಎಂಬ ಸಣ್ಣ ಘನಗಳಾಗಿ ವಿಂಗಡಿಸಲಾಗುತ್ತದೆ, ವಾಕ್ಸೆಲ್‌ಗಿಂತ ಚಿಕ್ಕ ಸುಳಿ ಅದಕ್ಕೆ ಕಾಣುವುದೇ ಇಲ್ಲ. ರೆಸಲ್ಯೂಷನ್ ಏರಿಸಿದರೆ ಹೊಸ ಸುಳಿಗಳು ಹುಟ್ಟಿ ಹೊಗೆಯ ಒಟ್ಟು ಆಕಾರವೇ ಬೇರೆಯಾಗಬಹುದು. ಇದಕ್ಕೆ 2008ರಲ್ಲಿ ಬಂದ ವೇವ್‌ಲೆಟ್ ಟರ್ಬ್ಯುಲೆನ್ಸ್ ಎಂಬ ವಿಧಾನ ಪರಿಹಾರ ಒದಗಿಸುತ್ತದೆ: ಕಡಿಮೆ ರೆಸಲ್ಯೂಷನ್‌ನ ಹರಿವನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಸಣ್ಣ ಸುಳಿಗಳನ್ನು ಮಾತ್ರ ಸೇರಿಸುತ್ತದೆ. ಬ್ಲೆಂಡರ್‌ನ ಗ್ಯಾಸ್ ಡೊಮೈನ್‌ನಲ್ಲಿ ನಾಯ್ಸ್ ಎಂಬ ಹೆಸರಿನಲ್ಲಿ ಇರುವುದು ಅದೇ. ಲ್ಯಾಪ್‌ಟಾಪ್‌ನಲ್ಲಿ ಮೂಲ ಹರಿವನ್ನು ಒಪ್ಪುವಂತೆ ಹೊಂದಿಸಿ ಬೇಕ್ ಮಾಡಿ, ಆ ಕ್ಯಾಶ್ ಅನ್ನು (ಉಳಿಸಿಟ್ಟ ಲೆಕ್ಕದ ಫೈಲುಗಳನ್ನು) ಹಾಗೆಯೇ ಲ್ಯಾಬಿಗೆ ಒಯ್ದು, ಅಲ್ಲಿ ನಾಯ್ಸ್ ಪದರವನ್ನಷ್ಟೇ ಬೇಕ್ ಮಾಡಿ. ಮೂಲದ ರೆಸಲ್ಯೂಷನ್ ಅನ್ನು ಲ್ಯಾಬಿನಲ್ಲಿ ಮುಟ್ಟಬೇಡಿ.